ಮಗಳ ವಯೋಲ, ಬೇಸಿಗೆ ಶಿಬಿರ ಮತ್ತು ಪತ್ರದ ಕೊನೆಯ ಸಾಲು

ಪ್ರಶ್ನೆ: ನಾವು ಮೈಸೂರಿನವರು. ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಹನ್ನೊಂದು ವರ್ಷವಾಯಿತು, ಇನ್ನೂ ಗ್ರೀನ್ ಕಾರ್ಡ್ ಬಂದಿಲ್ಲ, ಮಗಳು ಎಚ್-4 (ಅವಲಂಬಿತರ) ವೀಸಾದಲ್ಲಿದ್ದಾಳೆ. ಮಗಳಿಗೆ 16, ಹತ್ತನೇ ಗ್ರೇಡ್. ಶಾಲೆಯಲ್ಲಿ ಪಿಟೀಲು ನುಡಿಸುತ್ತಿದ್ದವಳು, ‘ವಯೋಲಕ್ಕೆ ಜನವೇ ಇಲ್ಲ’ ಎಂದು ಆರ್ಕೆಸ್ಟ್ರಾ ಮೇಷ್ಟ್ರು ಹೇಳಿದ್ದಕ್ಕೆ ಆರನೇ ಗ್ರೇಡ್‌ನಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ, ಕೆಳದನಿಯ ಆ ವಾದ್ಯ ಹಿಡಿದಳು. ಈಗ ಅದನ್ನು ಬಿಟ್ಟಿರಲಾರಳು. ಶನಿವಾರ ಮೈಸೂರಿನ ಗುರುಗಳಿಂದ ವಿಡಿಯೊದಲ್ಲಿ ಕರ್ನಾಟಕ ಸಂಗೀತದ ಪಿಟೀಲು ಪಾಠವೂ ನಡೆದಿದೆ. ಈ ಬೇಸಿಗೆಗೆ ಎರಡು ಶಿಬಿರಗಳಲ್ಲಿ ಸೀಟು ಸಿಕ್ಕಿದೆ. ಒಂದು ಆರು ವಾರದ್ದು, ದೊಡ್ಡ ಹೆಸರು, 9,200 ಡಾಲರ್. ಇನ್ನೊಂದು ಎರಡು ವಾರದ್ದು, ದೊಡ್ಡ ಆರ್ಕೆಸ್ಟ್ರಾದ ಕಲಾವಿದರೇ ಕಲಿಸುತ್ತಾರಂತೆ, 3,400 ಡಾಲರ್. ಎರಡರ ವೇಳಾಪಟ್ಟಿಯನ್ನೂ ಜೊತೆಗಿಟ್ಟಿದ್ದೇನೆ. ಹತ್ತು ದಿನದಲ್ಲಿ ಮುಂಗಡ ಕಟ್ಟಬೇಕು. ಯಜಮಾನರು ‘ಇಷ್ಟು ದುಡ್ಡು ಸುರಿದು ನಮ್ಮದಲ್ಲದ ಸಂಗೀತಕ್ಕೆ ಯಾಕೆ’ ಅನ್ನುತ್ತಾರೆ. ಸ್ನೇಹಿತರು ‘ಕಾಲೇಜ್ ಅಪ್ಲಿಕೇಶನ್‌ಗೆ ಬಹಳ ಒಳ್ಳೆಯದು’ ಅನ್ನುತ್ತಾರೆ. ಆ ದೊಡ್ಡ ಕಲಾವಿದರು ನಿಜವಾಗಿ ಕಲಿಸುತ್ತಾರಾ, ಮುಖ ತೋರಿಸಿ ಹೋಗುತ್ತಾರಾ? ಅವರು ಕೈ ಹಿಡಿಯುವ ರೀತಿ ಬದಲಿಸಿಬಿಟ್ಟರೆ ಗಂಟೆಗೆ 120 ಡಾಲರ್ ತೆಗೆದುಕೊಳ್ಳುವ ಈಗಿನ ಟೀಚರ್‌ಗೆ ಏನು ಹೇಳುವುದು? ಕರ್ನಾಟಕ ಪಿಟೀಲು ಬಿಡಿಸಬೇಕಾ? ಸಂಗೀತವನ್ನೇ ಓದುತ್ತೀಯಾ ಎಂದು ಕೇಳಿದರೆ ಅವಳು ‘ಗೊತ್ತಿಲ್ಲಮ್ಮ’ ಅನ್ನುತ್ತಾಳೆ. ಅಂದಹಾಗೆ, ಜನವರಿಯಲ್ಲಿ 15 ಇಂಚಿನ ವಯೋಲದಿಂದ ಹದಿನಾರೂಕಾಲು ಇಂಚಿನದಕ್ಕೆ ಬದಲಾಯಿಸಿದೆವು, ಎರಡು ತಿಂಗಳಿಂದ ಎಡ ಭುಜ ಮತ್ತು ಹೆಬ್ಬೆರಳ ಬುಡ ಸ್ವಲ್ಪ ನೋಯುತ್ತದೆ ಅನ್ನುತ್ತಾಳೆ. ಅವಳು ಐದಡಿ ಒಂದಿಂಚು.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ದುಡ್ಡು, ಹೆಸರು, ಯಜಮಾನರ ತಕರಾರು ಕಣ್ಣಿಗೆ ಬಿದ್ದವು. ಎರಡನೇ ಸಲ ಕಣ್ಣು ನಿಂತದ್ದು ‘ಅಂದಹಾಗೆ’ ಎಂಬ ಮಾತಿನ ಮೇಲೆ. ಇಪ್ಪತ್ತೆರಡು ವರ್ಷದಿಂದ ಅಮೆರಿಕದ ಒಂದು ನಗರದ ಆರ್ಕೆಸ್ಟ್ರಾದಲ್ಲಿ ವಯೋಲ ನುಡಿಸಿ ಹೊಟ್ಟೆ ಹೊರೆಯುತ್ತಿದ್ದೇನೆ, ಬೇಸಿಗೆಗಳಲ್ಲಿ ಇಂಥ ಶಿಬಿರಗಳಲ್ಲೇ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಮಗಳು ನನ್ನ ಮುಂದೆ ಬಂದು ಕೂತಿದ್ದರೆ ಯಾವ ಶಿಬಿರ ಎಂದು ಕೇಳುವ ಮೊದಲು ‘ಆ ವಾದ್ಯ ಎತ್ತಿ ಹಿಡಿ ನೋಡೋಣ’ ಎನ್ನುತ್ತಿದ್ದೆ. ಹಾಗಾಗಿ ನೋವಿನಿಂದಲೇ ಶುರು ಮಾಡುತ್ತೇನೆ. ಮಿಕ್ಕದ್ದೆಲ್ಲ ಅದರ ಮೇಲೆ ನಿಂತಿದೆ.

ಪಿಟೀಲಿಗೆ ಒಂದು ಗೊತ್ತಾದ ಅಳತೆಯಿದೆ, ಒಡಲು ಸುಮಾರು 14 ಇಂಚು. ವಯೋಲಕ್ಕೆ ಅಂಥ ಗೊತ್ತಾದ ಅಳತೆ ಇಲ್ಲ. ಅದರ ತಂತಿಗಳು ಪಿಟೀಲಿಗಿಂತ ಒಂದು ಪಂಚಮ ಕೆಳಗೆ. ಆ ನಾದಕ್ಕೆ ತಕ್ಕಂತೆ ಒಡಲು ಕಟ್ಟಬೇಕೆಂದರೆ ಅದು ಪಿಟೀಲಿನ ಒಂದೂವರೆ ಪಟ್ಟು, ಹತ್ತಿರಹತ್ತಿರ 21 ಇಂಚು ಆಗಬೇಕು. ಅದನ್ನು ಭುಜದ ಮೇಲೆ ಯಾರೂ ಹಿಡಿಯಲಾರರು. ಆದ್ದರಿಂದ ಕಟ್ಟುವವರು 15ರಿಂದ 17 ಇಂಚಿನ ನಡುವೆ ರಾಜಿ ಮಾಡಿಕೊಂಡಿದ್ದಾರೆ. ದೊಡ್ಡದಾದಷ್ಟೂ ಕೆಳಗಿನ ತಂತಿ ತುಂಬಿ ನುಡಿಯುತ್ತದೆ, ಭುಜ ಅದರ ಬಾಡಿಗೆ ಕಟ್ಟುತ್ತದೆ. ಸದ್ದು ಸಾಲದೆಂದು ನಮ್ಮ ಮೈಸೂರು ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಹಾಕಿಸಿಕೊಂಡು ಏಳು ತಂತಿ ಮಾಡಿಕೊಂಡರು. ಒಡಲಿನ ಗೊಡವೆಗೆ ಹೋಗಲಿಲ್ಲ. ವಯೋಲದವರಿಗೆ ಆ ದಾರಿ ಇಲ್ಲ.

ಐದಡಿ ಒಂದಿಂಚಿನ ಹುಡುಗಿಗೆ ಒಂದೇ ಸಲ ಒಂದೂಕಾಲು ಇಂಚು ಏರಿಸಿದ್ದು ಹೆಚ್ಚಾಯಿತು. ಅಂಗಡಿಯಲ್ಲಿ ನಿಂತು ನುಡಿಸಿದಾಗ ನಾದ ಕೇಳಿ ಎಲ್ಲರೂ ಸೋಲುತ್ತಾರೆ, ನಾನೂ ಸೋತಿದ್ದೇನೆ. ಪರೀಕ್ಷೆ ಸುಲಭ: ವಾದ್ಯವನ್ನು ಎಂದಿನಂತೆ ಹಿಡಿದು ಎಡಗೈಯನ್ನು ವಾದ್ಯದ ಕುತ್ತಿಗೆಯ ತುದಿಯಲ್ಲಿರುವ ಸುರುಳಿಯವರೆಗೆ ಚಾಚಲಿ. ಸುರುಳಿಯನ್ನು ಅಂಗೈಯಲ್ಲಿ ಹಿಡಿದಾಗ ಮೊಣಕೈ ಇನ್ನೂ ಸ್ವಲ್ಪ ಮಡಚಿರಬೇಕು. ನೆಟ್ಟಗೆ ಕೋಲಿನಂತಾದರೆ ವಾದ್ಯ ದೊಡ್ಡದು. ಆಮೇಲೆ ತೀರ ಕೆಳಗಿನ ಸಿ ತಂತಿಯ ಮೇಲೆ ಮೊದಲ ಸ್ಥಾನದಲ್ಲೇ (ಕೈ ಸುರುಳಿಯ ಹತ್ತಿರವೇ ಇಟ್ಟು) ಕಿರುಬೆರಳು ಇಡಲಿ. ಮಣಿಕಟ್ಟು ಹೊರಗೆ ತಿರುಚಿಕೊಂಡರೆ, ಹೆಬ್ಬೆರಳು ಕುತ್ತಿಗೆಯನ್ನು ಇಕ್ಕಳದಂತೆ ಹಿಚುಕಿದರೆ, ಬುಡದ ನೋವು ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಾಗಿಲ್ಲ. ಬಾಡಿಗೆ ವಾದ್ಯವಾದರೆ ನಾಳೆಯೇ ಹದಿನೈದೂವರೆಗೆ ಇಳಿಸಿ. ಕೊಂಡದ್ದಾದರೂ ಹೆಚ್ಚಿನ ಅಂಗಡಿಗಳು ಬದಲಿ ಕೊಡುತ್ತವೆ. ‘ಚಿಕ್ಕ ವಯೋಲ ತಂದರೆ ದೊಡ್ಡ ಶಿಬಿರದಲ್ಲಿ ನಗುತ್ತಾರೆ’ ಎಂದು ಮಗಳು ಹೇಳಬಹುದು. ಯಾರೂ ನಗುವುದಿಲ್ಲ. ನನ್ನ ಸೆಕ್ಷನ್‌ನಲ್ಲೇ, ಅಂದರೆ ನಮ್ಮ ಆರ್ಕೆಸ್ಟ್ರಾದ ವಯೋಲ ಗುಂಪಿನಲ್ಲೇ, ಇಬ್ಬರು ಹದಿನೈದೂವರೆ ನುಡಿಸುತ್ತಾರೆ.

ಇಳಿಸಿದ ಮೇಲೂ ಎರಡು ವಾರ ನೋವು ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಎಡಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುವುದು, ರಾತ್ರಿ ನೋವಿಗೆ ಎಚ್ಚರವಾಗುವುದು, ಬಾಟಲಿಯ ಮುಚ್ಚಳ ತಿರುಗಿಸಲಾಗದಿರುವುದು ಇದ್ದರೆ ಎರಡು ವಾರವೂ ಕಾಯಬೇಡಿ. ಮೊಣಕೈ ಬಹಳ ಹೊತ್ತು ಮಡಚಿಯೇ ಇದ್ದಾಗ ಅಲ್ಲಿ ಹಾದುಹೋಗುವ ಅಲ್ನರ್ ನರ ಒತ್ತಿಸಿಕೊಳ್ಳುತ್ತದೆ. ಪಿಟೀಲು ವಯೋಲದವರಲ್ಲಿ ಇದು ಹೊಸದಲ್ಲ. ವಾದ್ಯಗಾರರ ದೇಹವನ್ನು ಬಲ್ಲ ವೈದ್ಯರು, ಫಿಸಿಯೋಥೆರಪಿಯವರು ನ್ಯೂಯಾರ್ಕ್‌ನಂಥ ಊರಲ್ಲಿ ಸಿಗುತ್ತಾರೆ. ಹೋಗುವಾಗ ವಾದ್ಯ ಜೊತೆಗಿರಲಿ. ‘ನುಡಿಸುವುದನ್ನು ನಿಲ್ಲಿಸಿ’ ಎಂದಷ್ಟೇ ಹೇಳಿ ಕಳಿಸುವ ವೈದ್ಯರಿಂದ ಪ್ರಯೋಜನ ಕಡಿಮೆ.

ಶಿಬಿರಕ್ಕೂ ಇದಕ್ಕೂ ಏನು ಸಂಬಂಧ ಎಂದರೆ, ಈಗ ಅವಳು ನುಡಿಸುವುದು ದಿನಕ್ಕೆ ಒಂದು ಗಂಟೆ ಅಂದುಕೊಳ್ಳೋಣ. ಆರು ವಾರದ ಶಿಬಿರದಲ್ಲಿ ಬೆಳಿಗ್ಗೆ ಮೂರು ಗಂಟೆ ಆರ್ಕೆಸ್ಟ್ರಾ ರಿಹರ್ಸಲ್, ಮಧ್ಯಾಹ್ನ ಒಂದೂವರೆ ಗಂಟೆ ಚೇಂಬರ್ (ಸಣ್ಣ ತಂಡದ ವಾದನ), ಮೇಲೆ ಸ್ವಂತ ಅಭ್ಯಾಸ. ಮೊದಲ ಸೋಮವಾರವೇ ಒಂದು ಗಂಟೆ ಆರು ಗಂಟೆಯಾಗುತ್ತದೆ. ಶಿಬಿರಗಳಲ್ಲಿ ಕೈ ಕೆಡುವುದು ಕಷ್ಟದ ಕೃತಿಗಳಿಂದಲ್ಲ, ಈ ಜಿಗಿತದಿಂದ. ನನಗೆ ಹತ್ತೊಂಬತ್ತು ವಯಸ್ಸಿನಲ್ಲಿ ಇದೇ ಆಯಿತು. ಪಕ್ಕದ ಕೋಣೆಯವನು ಏಳು ಗಂಟೆ ನುಡಿಸುತ್ತಾನೆಂದು ನಾನೂ ಏಳು ಗಂಟೆ ನುಡಿಸಿದೆ. ಮೂರನೇ ವಾರ ಎಡ ಮುಂಗೈ ಊದಿತು. ಉಳಿದ ವಾರಗಳು ಹಿಂದಿನ ಕುರ್ಚಿಯಲ್ಲಿ ಕೂತು ಬೇರೆಯವರಿಗೆ ಹಾಳೆ ತಿರುಗಿಸುತ್ತ ಕಳೆದೆ. ಏಳು ಗಂಟೆಯವನಿಗೆ ಏನೂ ಆಗಲಿಲ್ಲ. ಅವನು ಹತ್ತು ವರ್ಷದವನಿದ್ದಾಗಿನಿಂದ ಹಾಗೇ ನುಡಿಸಿಕೊಂಡು ಬಂದವನು.

ಮೊದಲು ನೋವು ಇಳಿಯಲಿ. ಆಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ದಿನದ ಅಭ್ಯಾಸ ಏರಿಸಿ. ಇಪ್ಪತ್ತೈದು ನಿಮಿಷ ನುಡಿಸಿ ಐದು ನಿಮಿಷ ವಾದ್ಯ ಕೆಳಗಿಡಲಿ. ಆ ಐದು ನಿಮಿಷ ಫೋನಿನ ಮೇಲೆ ಹೆಬ್ಬೆರಳು ಓಡಿಸಬಾರದು, ಅದೇ ಸ್ನಾಯು ದುಡಿಯುತ್ತಿರುತ್ತದೆ. ಜೂನ್ ಕೊನೆಗೆ ಎರಡೂವರೆ ಗಂಟೆಯನ್ನು ನೋವಿಲ್ಲದೆ ಮುಟ್ಟಿದರೆ ಎರಡು ವಾರದ ಶಿಬಿರಕ್ಕೆ ಅವಳು ತಯಾರು. ಆರು ವಾರದ್ದಕ್ಕೆ ಅಷ್ಟು ಸಾಲದೆಂದು ನನ್ನ ಅನಿಸಿಕೆ.

ಇನ್ನು ಹೆಸರಿನ ವಿಷಯ. ನೀವು ಬರೆದಿದ್ದ ಶಿಬಿರಗಳ ಹೆಸರನ್ನು ನಾನೇ ತೆಗೆದುಹಾಕಿದ್ದೇನೆ, ಯಾಕೆಂದರೆ ನನ್ನ ಮಾತು ಅವೆರಡಕ್ಕಷ್ಟೇ ಅಲ್ಲ. ಈ ಹೆಸರುಗಳು ಹೇಗೆ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಎಲ್ಲರೂ ಬಲ್ಲ ಟ್ಯಾಂಗಲ್‌ವುಡ್ ನೋಡಿ. ಮ್ಯಾಸಚೂಸೆಟ್ಸ್‌ನ ಬರ್ಕ್‌ಷೈರ್ ಬೆಟ್ಟಗಳ ನಡುವೆ, ಲೆನಾಕ್ಸ್ ಎಂಬ ಊರ ಬಳಿ ಇರುವ ಇದು ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಮನೆ. ಆಗ ಆ ಆರ್ಕೆಸ್ಟ್ರಾವನ್ನು ನಡೆಸುತ್ತಿದ್ದ ಕಂಡಕ್ಟರ್ ಸರ್ಜ್ ಕೂಸೆವಿಟ್ಸ್ಕಿ ಅಲ್ಲಿ 1940ರಲ್ಲಿ ಶಾಲೆ ತೆರೆದಾಗ ಮೊದಲ ತಂಡದಲ್ಲೇ ಮುಂದೆ ಹೆಸರಾಂತ ಕಂಡಕ್ಟರ್ ಆದ ಲೆನರ್ಡ್ ಬರ್ನ್‌ಸ್ಟೈನ್ ಇದ್ದರು. ಇವತ್ತು ಟ್ಯಾಂಗಲ್‌ವುಡ್ ಮ್ಯೂಸಿಕ್ ಸೆಂಟರ್ ಎನ್ನುವುದು ಆ ಶಾಲೆಯನ್ನೇ. ಅಲ್ಲಿಗೆ ಬರುವವರು ಕಾಲೇಜು ಓದಿ, ವೃತ್ತಿಯ ಹೊಸ್ತಿಲಲ್ಲಿ ನಿಂತವರು. ಫೆಲೋಶಿಪ್ ಇರುವುದರಿಂದ ಶುಲ್ಕ ಕಟ್ಟುವುದಿಲ್ಲ. ಹೈಸ್ಕೂಲು ಮಕ್ಕಳಿಗೆ ಅದೇ ಊರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ 1966ರಿಂದ ನಡೆಸುತ್ತಿರುವುದು ಬೇರೆ ಸಂಸ್ಥೆ, ಬಾಸ್ಟನ್ ಯೂನಿವರ್ಸಿಟಿ ಟ್ಯಾಂಗಲ್‌ವುಡ್ ಇನ್‌ಸ್ಟಿಟ್ಯೂಟ್. ಅದಕ್ಕೆ ಶುಲ್ಕವಿದೆ, ನೆರವೂ ಇದೆ. ಎರಡೂ ಒಳ್ಳೆಯವೇ. ಆದರೆ ‘ನನ್ನ ಮಗ ಟ್ಯಾಂಗಲ್‌ವುಡ್‌ಗೆ ಹೋಗಿದ್ದ’ ಎಂದು ಸಮಾರಂಭದಲ್ಲಿ ಯಾರಾದರೂ ಹೇಳಿದರೆ ಯಾವುದು ಎಂದು ಕೇಳದೆ ಹೊಟ್ಟೆ ಉರಿದುಕೊಳ್ಳಬೇಡಿ.

ಹೀಗೆ ಒಂದೊಂದಕ್ಕೂ ಅದರದೇ ಸ್ವಭಾವ. ಮಿಶಿಗನ್‌ನ ಇಂಟರ್ಲಾಕನ್ 1928ರಲ್ಲಿ ಹೈಸ್ಕೂಲು ಆರ್ಕೆಸ್ಟ್ರಾ ಶಿಬಿರವಾಗಿಯೇ ಹುಟ್ಟಿದ್ದು. ಕಾಡು, ಸರೋವರ, ಸಮವಸ್ತ್ರ, ಒಂದು ಊರಿನಷ್ಟು ಮಕ್ಕಳು. ನ್ಯೂಯಾರ್ಕ್ ರಾಜ್ಯದ ಮೆಡೋಮೌಂಟ್ ಅನ್ನು 1944ರಲ್ಲಿ ಪಿಟೀಲು ಗುರು ಇವಾನ್ ಗಲಾಮಿಯನ್ ಕಟ್ಟಿದರು. ಅಲ್ಲಿ ಒತ್ತು ಏಕವಾದನದ ಮೇಲೆ, ಕೋಣೆ ಸೇರಿ ಗಂಟೆಗಟ್ಟಲೆ ಅಭ್ಯಾಸ ಮಾಡುವುದರ ಮೇಲೆ. ಆರ್ಕೆಸ್ಟ್ರಾದ ನಡುವೆ ಕೂತು ನುಡಿಸುವ ಖುಷಿಗೆ ಹೋಗುವ ಮಗು ಅಲ್ಲಿ ಒಣಗಿಹೋದೀತು. ನ್ಯೂಯಾರ್ಕ್‌ನ ಕಛೇರಿ ಸಭಾಂಗಣವಾದ ಕಾರ್ನೆಗಿ ಹಾಲ್ 2013ರಿಂದ ನಡೆಸುತ್ತಿರುವ ರಾಷ್ಟ್ರೀಯ ಯುವ ಆರ್ಕೆಸ್ಟ್ರಾ ಪೂರ್ತಿ ಉಚಿತ, ದೊಡ್ಡ ಆರ್ಕೆಸ್ಟ್ರಾಗಳ ಕಲಾವಿದರೇ ಮಕ್ಕಳನ್ನು ತಯಾರು ಮಾಡುತ್ತಾರೆ. ಆದರೆ ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಉಳ್ಳವರಿಗೆ ಮಾತ್ರ. ಎಚ್-4 ವೀಸಾದಲ್ಲಿರುವ ನಿಮ್ಮ ಮಗಳಿಗೆ ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಅವಳ ಕೈಗುಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳಿಗೆ ಬಾಯಿಬಿಟ್ಟು ಹೇಳಿ. ‘ನನಗೆ ಸಿಗಲಿಲ್ಲ’ ಎಂದಷ್ಟೇ ಮಕ್ಕಳ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ದೊಡ್ಡ ಕಲಾವಿದರು ನಿಜವಾಗಿ ಕಲಿಸುತ್ತಾರಾ? ಕೆಲವು ಕಡೆ ಹೌದು, ಕೆಲವು ಕಡೆ ಅವರ ಭಾವಚಿತ್ರವೇ ಕಲಿಸುವುದು. ಸಂಕೋಚ ಬಿಟ್ಟು ಕಚೇರಿಗೆ ಬರೆದು ಕೇಳಿ: ನನ್ನ ಮಗಳಿಗೆ ವಾರಕ್ಕೆ ಎಷ್ಟು ನಿಮಿಷ ಒಬ್ಬೊಬ್ಬರ ಪಾಠ, ಅದನ್ನು ಮಾಡುವವರು ಯಾರು, ಅವರು ಎಷ್ಟು ದಿನ ಅಲ್ಲಿರುತ್ತಾರೆ? ‘ನಮ್ಮ ಬೋಧಕರಲ್ಲಿ ಇಂಥಿಂಥವರಿದ್ದಾರೆ’ ಎಂಬುದು ಉತ್ತರವಲ್ಲ. ‘ಮಾಸ್ಟರ್ ಕ್ಲಾಸ್ ಇದೆ’ ಎಂದರೆ ನಾಲ್ಕು ಮಕ್ಕಳು ವೇದಿಕೆಯ ಮೇಲೆ, ಉಳಿದ ನಲವತ್ತು ಮಕ್ಕಳು ಕೆಳಗೆ. ಕೆಳಗೆ ಕೂತವರೂ ಕಲಿಯುತ್ತಾರೆ, ಆದರೆ ಅದಕ್ಕೆ ಪಾಠದ ಬೆಲೆ ಕೊಡಬೇಕಾಗಿಲ್ಲ.

ನೀವು ಕಳಿಸಿದ ವೇಳಾಪಟ್ಟಿಗಳನ್ನೇ ಹಿಡಿದು ಕೂಡಿಸಿದೆ. ಆರು ವಾರದ್ದರಲ್ಲಿ ವಾರಕ್ಕೊಂದು ಗಂಟೆ ಪಾಠ, ಒಟ್ಟು ಆರು ಗಂಟೆ. ಮಿಕ್ಕದ್ದು ಆರ್ಕೆಸ್ಟ್ರಾ, ಚೇಂಬರ್, ಕಛೇರಿಗಳು. ಎರಡು ವಾರದ್ದರಲ್ಲಿ ನಲವತ್ತೈದು ನಿಮಿಷದ ನಾಲ್ಕು ಪಾಠ, ಅಂದರೆ ಮೂರು ಗಂಟೆ. ಅದರ ಜೊತೆಗೆ ಹತ್ತು ದಿನ, ದಿನಕ್ಕೆ ತೊಂಬತ್ತು ನಿಮಿಷದ ವಯೋಲ ಸೆಕ್ಷನಲ್ (ವಯೋಲದವರಷ್ಟೇ ಕೂಡಿ ಮಾಡುವ ತಾಲೀಮು), ನಡೆಸುವವರು ವೃತ್ತಿಪರ ವಯೋಲ ವಾದಕರು. ಕೊನೆಯ ಮೂರು ದಿನ ಅವರು ಮಕ್ಕಳ ನಡುವೆಯೇ ಕೂತು ನುಡಿಸುತ್ತಾರೆ. ಅಮ್ಮ, ನನ್ನ ಕಣ್ಣು ಆ ಕೊನೆಯ ಮೂರು ದಿನದ ಮೇಲಿದೆ. ಪಾಠವೇ ಬೇಕಾದರೆ ನಿಮ್ಮ ಈಗಿನ ಟೀಚರ್ ಗಂಟೆಗೆ 120 ಡಾಲರ್ ತೆಗೆದುಕೊಳ್ಳುತ್ತಾರೆ ಎಂದಿದ್ದೀರಿ. 9,200ಕ್ಕೆ ಎಪ್ಪತ್ತಾರು ಪಾಠ ಬರುತ್ತದೆ, ಒಂದೂವರೆ ವರ್ಷದ ಪಾಠ. ಅವರೂ ಒಂದು ಆರ್ಕೆಸ್ಟ್ರಾದವರೇ. ಮನೆಯ ಹತ್ತಿರ ಸಿಗದೆ ಇರುವುದು ಪಕ್ಕದ ಕುರ್ಚಿ.

ನಮ್ಮ ಊರಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬಕ್ಕೆ ಸಿನಿಮಾ ಹಾಡು ಹೇಳುವ ತಂಡ. ಯಜಮಾನರ ಕಣ್ಣ ಮುಂದೆ ಅದೇ ಇದ್ದರೆ ಅವರ ತಪ್ಪಲ್ಲ, ಹಾಗಾಗಿ ಈ ಪಕ್ಕದ ಕುರ್ಚಿಯಲ್ಲಿ ಏನು ನಡೆಯುತ್ತದೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಹತ್ತು ಹನ್ನೆರಡು ಜನ ವಯೋಲದವರು, ಇಬ್ಬರಿಗೊಂದು ಸ್ಟ್ಯಾಂಡ್. ಎಲ್ಲರ ಕಮಾನೂ ಒಟ್ಟಿಗೆ ಮೇಲಕ್ಕೆ, ಒಟ್ಟಿಗೆ ಕೆಳಕ್ಕೆ. ಕಮಾನಿನ ಯಾವ ಭಾಗದಲ್ಲಿ ನುಡಿಸಬೇಕು, ಬುಡದಲ್ಲೋ ನಡುವಿನಲ್ಲೋ ತುದಿಯಲ್ಲೋ, ಅದೂ ಒಂದೇ. ಇದನ್ನು ಮಾತಿನಲ್ಲಿ ಯಾರೂ ಹೇಳುವುದಿಲ್ಲ. ಮುಂದಿನವನು ಉಸಿರೆಳೆದದ್ದು ಬೆನ್ನಿನಲ್ಲೇ ಕಾಣುತ್ತದೆ, ಹಿಂದಿನವನು ಅದರೊಂದಿಗೆ ಹೊರಡುತ್ತಾನೆ. ಕಂಡಕ್ಟರ್ ಕೋಲು ಕೆಳಗೆ ಬಂದ ಕ್ಷಣಕ್ಕೂ ಆರ್ಕೆಸ್ಟ್ರಾದ ನಾದ ಏಳುವ ಕ್ಷಣಕ್ಕೂ ನಡುವೆ ಒಂದು ಸಣ್ಣ ತಡವಿದೆ, ಅದು ಒಂದೊಂದು ಆರ್ಕೆಸ್ಟ್ರಾದಲ್ಲಿ ಒಂದೊಂದು ಥರ. ಪುಸ್ತಕ ನೋಡಿ ಇದನ್ನು ಕಲಿತವರನ್ನು ನಾನು ಕಂಡಿಲ್ಲ.

ಮೆಂಡೆಲ್ಸನ್‌ನ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ ಸಂಗೀತದಲ್ಲಿ ಒಂದು ಸ್ಕೆರ್ಟ್ಸೊ, ಅಂದರೆ ಚುರುಕು ನಡೆಯ ಭಾಗ, ಇದೆ, ಆಡಿಶನ್‌ಗಳಲ್ಲಿ ನಮ್ಮ ಜೀವ ತಿನ್ನುವ ಕೃತಿ. ಕಮಾನು ತಂತಿಯ ಮೇಲೆ ಪುಟಿಯಬೇಕು, ಸದ್ದು ಇಲಿ ಓಡಿದಷ್ಟೇ ಇರಬೇಕು. ಮಕ್ಕಳು ಮನೆಯಲ್ಲಿ ಅದನ್ನು ಜೋರಾಗಿ, ವೇಗವಾಗಿ ಅಭ್ಯಾಸ ಮಾಡಿ ಬರುತ್ತಾರೆ. ಪಕ್ಕದಲ್ಲಿ ಕೂತ ವೃತ್ತಿಪರರು ಅದನ್ನು ಅರ್ಧ ವೇಗದಲ್ಲಿ, ಒಂದೇ ತಂತಿಯ ಮೇಲೆ, ಎಡಗೈ ಇಲ್ಲದೆ ಬರೀ ಕಮಾನಿನಲ್ಲಿ ಹತ್ತು ನಿಮಿಷ ಪುಟಿಸುವುದನ್ನು ಕಂಡಾಗ ಹುಡುಗರ ಮುಖ ನೋಡಬೇಕು. ಇವರೂ ಹೀಗೇ ಮಾಡುತ್ತಾರಾ! ನಮ್ಮ ಕಡೆ ಸರಳೆವರಸೆಯನ್ನು ಮೂರು ಕಾಲದಲ್ಲಿ ಸಾಧನೆ ಮಾಡಿದವಳಿಗೆ ಇದು ಬೇಗ ಅರ್ಥವಾಗುತ್ತದೆ. ಅಥವಾ ಬಾರ್ಟೋಕ್‌ನ ‘ಕನ್ಸರ್ಟೋ ಫಾರ್ ಆರ್ಕೆಸ್ಟ್ರಾ’ ತೆಗೆದುಕೊಳ್ಳಿ, ಮೊದಲು ಹೇಳಿದ ಕೂಸೆವಿಟ್ಸ್ಕಿಯೇ ಬರೆಸಿ 1944ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಮೊದಲು ನುಡಿಸಿದ್ದು. ಅದರ ನಾಲ್ಕನೇ ಭಾಗದಲ್ಲಿ ಒಂದು ರಾಗ ಮೊದಲು ಬರುವುದೇ ವಯೋಲಗಳಿಗೆ. ಜೀವಮಾನವೆಲ್ಲ ಇತರರಿಗೆ ಜೊತೆ ಕೊಟ್ಟವರಿಗೆ ಅಷ್ಟು ಹೊತ್ತು ಹಾಡು ಸಿಗುತ್ತದೆ. ಆಗ ಪ್ರತಿಯೊಬ್ಬ ಹುಡುಗನೂ ತನ್ನದೇ ವೈಬ್ರಾಟೊ (ಸ್ವರದ ನಡುಕ) ಹಾಕಿ ಮೆರೆಯಲು ನೋಡುತ್ತಾನೆ. ಪಕ್ಕದವರ ನಾದ ತನ್ನದಕ್ಕಿಂತ ಒಂದೆಳೆ ಹೆಚ್ಚು ಕೇಳುವಂತೆ ನುಡಿಸು ಎಂದು ಕಲಿಸುವುದು ಅಲ್ಲೇ.

ಕೂರಿಸುವ ಜಾಗದ ಬಗ್ಗೆ ಒಂದು ಮಾತು. ಹೋದ ಮೊದಲ ದಿನ ಆಡಿಶನ್ ಇರುತ್ತದೆ, ಶಾಲೆಯಲ್ಲಿ ಮೊದಲ ಕುರ್ಚಿಯಲ್ಲಿ ಕೂತವಳು ಅಲ್ಲಿ ಒಂಬತ್ತನೆಯದರಲ್ಲಿ ಕೂರಬಹುದು. ಆ ರಾತ್ರಿ ಅಳುತ್ತ ಫೋನ್ ಬರುತ್ತದೆ. ಬುಧವಾರದ ಹೊತ್ತಿಗೆ ಸರಿಹೋಗುತ್ತದೆ. ನೀವು ಕಚೇರಿಗೆ ಫೋನ್ ಮಾಡಬೇಡಿ, ಅಷ್ಟೇ.

ಕೈ ಬದಲಿಸುವ ಭಯ ಸುಳ್ಳಲ್ಲ. ಒಬ್ಬರು ಕಮಾನಿನ ಹೆಬ್ಬೆರಳು ಬಾಗಿಸು ಎನ್ನುತ್ತಾರೆ, ಮುಂದಿನ ಬೇಸಿಗೆ ಇನ್ನೊಬ್ಬರು ಭುಜದ ದಿಂಬನ್ನೇ ಕಿತ್ತೆಸೆ ಎನ್ನುತ್ತಾರೆ. ಎರಡು ವಾರ ಮಾತ್ರ ಇರುವ ಒಳ್ಳೆಯ ಬೋಧಕರು ಬುನಾದಿ ಅಗೆಯುವುದಿಲ್ಲ. ಅಗೆದರೆ ಮುಚ್ಚುವಷ್ಟು ದಿನ ತಾವಿರುವುದಿಲ್ಲ ಎಂದು ಅವರಿಗೆ ಗೊತ್ತು. ಕೆಲವರು ಅಗೆಯುತ್ತಾರೆ. ಹೊರಡುವ ಮೊದಲು ಈಗಿನ ಟೀಚರ್ ಹತ್ತಿರವೇ ಕೇಳಿ, ‘ಈ ಬೇಸಿಗೆ ಇವಳು ಯಾವ ಒಂದು ವಿಷಯ ಸರಿಮಾಡಿಕೊಂಡು ಬರಬೇಕು?’ ಎಂದು. ಅದನ್ನು ಅವಳು ಮೊದಲ ಪಾಠದಲ್ಲೇ ಹೇಳಲಿ. ಉಳಿದದ್ದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಲಿ, ಅನುಮತಿ ಇದ್ದರೆ ಪಾಠವನ್ನು ರೆಕಾರ್ಡ್ ಮಾಡಲಿ. ಸೆಪ್ಟೆಂಬರ್‌ನಲ್ಲಿ ಟೀಚರ್ ಜೊತೆ ಕೂತು ಯಾವುದನ್ನು ಇಟ್ಟುಕೊಳ್ಳಬೇಕೆಂದು ನೋಡಬಹುದು. ಟೀಚರ್ ಬೇಜಾರು ಮಾಡಿಕೊಳ್ಳುತ್ತಾರೆಂಬ ಅಂಜಿಕೆ ನಮ್ಮವರಿಗೆ ಹೆಚ್ಚು. ಇಲ್ಲಿನವರು ತಮ್ಮ ಶಿಷ್ಯರನ್ನು ಬೇಸಿಗೆಯಲ್ಲಿ ಬೇರೆಯವರ ಬಳಿ ಕಳಿಸುವುದು ಮಾಮೂಲು, ಎಷ್ಟೋ ಸಲ ಶಿಫಾರಸು ಪತ್ರ ಬರೆಯುವವರೂ ಅವರೇ. ಆದರೆ ವಾದ್ಯದ ಅಳತೆ ಈಗಷ್ಟೇ ಬದಲಾಗುತ್ತಿರುವಾಗ ಹಿಡಿತವನ್ನೂ ಬದಲಿಸುವುದು ಬೇಡ. ಯಾರೇ ಹೇಳಿದರೂ ಅವಳು ‘ನನಗೆ ನೋವಿತ್ತು, ಟೀಚರ್ ಜೊತೆ ಮಾತಾಡಿ ಮಾಡುತ್ತೇನೆ’ ಎನ್ನಬಹುದು. ಈ ವಾಕ್ಯವನ್ನು ಮನೆಯಲ್ಲಿ ಒಮ್ಮೆ ಹೇಳಿಸಿ ನೋಡಿ. ದೊಡ್ಡವರ ಮುಂದೆ ಇಲ್ಲವೆನ್ನುವುದು ನಮ್ಮ ಮಕ್ಕಳಿಗೆ ಅಭ್ಯಾಸವಿಲ್ಲ.

ಕರ್ನಾಟಕ ಪಿಟೀಲು ಬಿಡಿಸಬೇಡಿ. ಅದರಿಂದ ವಯೋಲ ಕೆಡುತ್ತದೆ ಎನ್ನುವವರು ಎರಡನ್ನೂ ನುಡಿಸಿದವರಲ್ಲ. ನೆಲದ ಮೇಲೆ ಕೂತು ವಾದ್ಯದ ತಲೆಯನ್ನು ಪಾದಕ್ಕೆ ಆನಿಸಿದಾಗ ಎಡಗೈಗೆ ಹೊರೆಯೇ ಇಲ್ಲ, ಅದಕ್ಕೇ ಗಮಕಕ್ಕೆ ಅಷ್ಟು ಸಲೀಸಾಗಿ ಜಾರುತ್ತದೆ. ಆ ದೃಷ್ಟಿಯಿಂದ ನೊಂದ ಭುಜಕ್ಕೆ ಶನಿವಾರದ ಪಾಠ ವಿಶ್ರಾಂತಿಯೇ. ಹೆಬ್ಬೆರಳಿಗೆ ಅಲ್ಲ, ಅದೂ ದಿನದ ಲೆಕ್ಕದಲ್ಲಿ ಸೇರಬೇಕು. ತೊಂದರೆ ಬರುವುದು ಇನ್ನೊಂದು ಕಡೆ. ಸ್ವರದಿಂದ ಸ್ವರಕ್ಕೆ ಹೋಗುವಾಗ ಬೆರಳು ತನಗೆ ತಿಳಿಯದೆ ಜಾರುತ್ತದೆ, ಮೊಜಾರ್ಟ್ ನುಡಿಸುವಾಗ ಅದು ಎದ್ದು ಕೇಳುತ್ತದೆ. ನನ್ನ ಮೊದಲ ಸೆಕ್ಷನಲ್‌ನಲ್ಲಿ ಮುಂದಿನವರು ತಿರುಗಿ ನೋಡಿದ್ದು ಇದಕ್ಕೇ. ಶಿಬಿರದ ದಿನಗಳಲ್ಲಷ್ಟೇ ಶನಿವಾರದ ಪಾಠಕ್ಕೆ ರಜೆ ಕೇಳಿ, ಗುರುಗಳಿಗೆ ಕಾರಣ ಹೇಳಿ. ಪ್ರತಿಯಾಗಿ ಶ್ರುತಿಯ ಕಿವಿ ಅವಳಿಗೆ ಮೈಸೂರಿನಿಂದಲೇ ಬಂದಿರುತ್ತದೆ, ಅದನ್ನು ಶಿಬಿರದಲ್ಲಿ ಎರಡನೇ ದಿನವೇ ಗುರುತಿಸುತ್ತಾರೆ.

‘ನಮ್ಮದಲ್ಲದ ಸಂಗೀತ’ ಎಂಬ ಯಜಮಾನರ ಮಾತಿಗೆ ವಾದ ಮಾಡಲಾರೆ, ದುಡ್ಡು ಅವರದೂ ಹೌದು. ಮೈಸೂರಿನವರೆಂದು ಮಾತ್ರ ನೆನಪಿಸುತ್ತೇನೆ: ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರು. ರಿಚರ್ಡ್ ಸ್ಟ್ರೌಸ್‌ನ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ ತಿಂಗಳಲ್ಲಿ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದದ್ದು ಅವರ ಹಣದ ಒತ್ತಾಸೆಯಿಂದ. ಅದೇ ಅರಸರು ಸಂಸ್ಕೃತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ಕಟ್ಟಿದರು. ಅವರಿಗೆ ಎರಡೂ ತಮ್ಮದಾಗಿದ್ದವು.

ಕಾಲೇಜಿನ ವಿಷಯದಲ್ಲಿ ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ಸರಿ. ಡಾಕ್ಟರಿಗೋ ಎಂಜಿನಿಯರಿಂಗಿಗೋ ಹೋಗುವವರ ಅರ್ಜಿಯಲ್ಲಿ ಶಿಬಿರದ ಹೆಸರು ಒಂದು ಸಾಲು. ಹಣ ಕಟ್ಟಿ ಹೋಗುವ ಶಿಬಿರಗಳನ್ನು ಅರ್ಜಿ ಓದುವವರು ಹೊಸದಾಗಿ ನೋಡುತ್ತಿಲ್ಲ. ಅಲ್ಲಿ ತೂಕವಿರುವುದು ಅವಳು ನುಡಿಸಿ ಕಳಿಸುವ ರೆಕಾರ್ಡಿಂಗ್‌ಗೆ, ಹತ್ತಿರದಿಂದ ಕಂಡ ಬೋಧಕರ ಪತ್ರಕ್ಕೆ. ಸಂಗೀತ ಶಾಲೆಗೇ ಹೋಗುವುದಾದರೆ ಮಾತು ಬೇರೆ. ಜೂಲಿಯಾರ್ಡ್‌ನಂಥ ಶಾಲೆಗಳಿಗೆ ಹನ್ನೆರಡನೇ ಗ್ರೇಡ್‌ನ ಡಿಸೆಂಬರ್ ಶುರುವಿಗೇ ಪೂರ್ವಭಾವಿ ವಿಡಿಯೊ ಹೋಗಬೇಕು. ಫಿಲಡೆಲ್ಫಿಯಾದ ಕರ್ಟಿಸ್ ಆಯ್ದ ಎಲ್ಲರಿಗೂ ಬೋಧನಾ ಶುಲ್ಕ ಮನ್ನಾ ಮಾಡುತ್ತದೆ, ಆಯುವುದು ಬೆರಳೆಣಿಕೆಯ ಜನರನ್ನು. ಅಂದರೆ ನಿಜಕ್ಕೂ ಲೆಕ್ಕಕ್ಕೆ ಬರುವ ಬೇಸಿಗೆ ಹನ್ನೊಂದನೇ ಗ್ರೇಡ್ ಮುಗಿದ ಮೇಲಿನದು. ಬೇಕಾದ ಕೃತಿಗಳು ಕೈಗೆ ಹತ್ತುವುದು, ಮುಂದೆ ಯಾರ ಬಳಿ ಓದಬೇಕೆಂದಿದ್ದಾಳೋ ಅವರ ಮುಂದೆ ನುಡಿಸುವುದು ಆಗ. ಅದು ಮುಂದಿನ ವರ್ಷ. ಈ ವರ್ಷ ಅವಳಿಗೆ ‘ಗೊತ್ತಿಲ್ಲಮ್ಮ’ ಎನ್ನಲು ಹಕ್ಕಿದೆ.

ಹಾಗಾಗಿ ನಾನಾಗಿದ್ದರೆ ಎರಡು ವಾರದ್ದಕ್ಕೆ ಮುಂಗಡ ಕಟ್ಟುತ್ತಿದ್ದೆ. ಕಟ್ಟುವ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ಕೇಳುತ್ತಿದ್ದೆ: ವೈದ್ಯರು ಬೇಡವೆಂದರೆ ಯಾವ ದಿನಾಂಕದವರೆಗೆ ಹಣ ವಾಪಸು, ಮತ್ತು ನೆರವು ಇನ್ನೂ ಉಳಿದಿದೆಯೇ. ವಯೋಲದವರು ಎಲ್ಲ ಕಡೆಯೂ ಕಡಿಮೆ. ಸೆಕ್ಷನ್ ತುಂಬಿಸಲು ಏಪ್ರಿಲ್‌ನಲ್ಲಿ ಪರದಾಡುವ ಶಿಬಿರಗಳನ್ನು ನಾನು ಒಳಗಿನಿಂದ ನೋಡಿದ್ದೇನೆ. ಪಿಟೀಲಿನವರಿಗೆ ಇಲ್ಲವೆಂದ ನೆರವು ವಯೋಲದವರಿಗೆ ಎಷ್ಟೋ ಸಲ ಸಿಗುತ್ತದೆ. ಶಿಬಿರದವರು ತಾವೇ ಕೊಡುವ ನೆರವಿಗೆ ವೀಸಾ ಅಡ್ಡ ಬಾರದಿರಲೂಬಹುದು, ಕೇಳಿದರೆ ನಷ್ಟವಿಲ್ಲ.

ಈ ಆಯ್ಕೆಯ ತೊಂದರೆ ಏನೆಂದರೆ ಎರಡು ವಾರ ಬೇಗ ಮುಗಿಯುತ್ತದೆ. ಮೊದಲ ವಾರ ದಾರಿ ಹುಡುಕುವುದರಲ್ಲೇ ಹೋಗುತ್ತದೆ, ಆರು ವಾರ ಒಟ್ಟಿಗಿದ್ದ ಮಕ್ಕಳ ನಡುವೆ ಬೆಳೆಯುವ ಗೆಳೆತನ ಇಲ್ಲಿ ಬೆಳೆಯುವುದಿಲ್ಲ. ಆರು ವಾರದ ಶಿಬಿರದ ಹುಡುಗಿ ಮೂರು ನಾಲ್ಕು ದೊಡ್ಡ ಸಿಂಫನಿಗಳನ್ನು ನುಡಿಸಿ ಬರುತ್ತಾಳೆ, ಇವಳು ಒಂದನ್ನು. ಈ ವರ್ಷ ಬೇಡವೆಂದರೆ ಮುಂದಿನ ವರ್ಷ ಸೀಟು ಕೊಡುವುದಿಲ್ಲ ಎಂದು ಮಾತ್ರ ಹೆದರಬೇಕಾಗಿಲ್ಲ, ಪ್ರತಿ ವರ್ಷ ಹೊಸ ಆಡಿಶನ್ನೇ. ಸೌಜನ್ಯದಿಂದ ಪತ್ರ ಬರೆದು, ಆರೋಗ್ಯದ ಕಾರಣವೆಂದು ಹೇಳಿ ಬಿಡಿ. ನೋವು ಜೂನ್ ಹೊತ್ತಿಗೂ ಇದ್ದರೆ ಯಾವುದಕ್ಕೂ ಕಳಿಸಬೇಡಿ. ಆ ಬೇಸಿಗೆ ಈಗಿನ ಟೀಚರ್ ಜೊತೆ ಹದಿನೈದೂವರೆ ಇಂಚಿನ ಮೇಲೆ ನಿಧಾನಕ್ಕೆ ಕೈ ಕಟ್ಟಿಕೊಂಡು, ಸಂಜೆ ಒಳ್ಳೆಯ ಆರ್ಕೆಸ್ಟ್ರಾ ಕಛೇರಿಗಳಿಗೆ ಹೋಗಿ ಬರಲಿ. ಟ್ಯಾಂಗಲ್‌ವುಡ್‌ನ ಹುಲ್ಲುಹಾಸಿನ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಬಾಸ್ಟನ್ ಸಿಂಫನಿ ಕೇಳಬಹುದು. ನಾವು ಪ್ರತಿ ವರ್ಷ ಒಮ್ಮೆಯಾದರೂ ಹಾಗೆ ಮಾಡುತ್ತೇವೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ವಾದ್ಯದ ಪಾಠ ಎಂದರೆ ಒಂದು ಕೋಣೆ, ಒಬ್ಬ ದೊಡ್ಡವರು, ಒಂದು ಮಗು, ಭುಜ ಮುಟ್ಟಿ ತಿದ್ದುವ ಅಭ್ಯಾಸ. ನಮ್ಮ ವೃತ್ತಿಯಲ್ಲಿ ಇದನ್ನು ದುರುಪಯೋಗ ಮಾಡಿಕೊಂಡವರಿದ್ದಾರೆ, ಅವರಲ್ಲಿ ಬಹಳ ದೊಡ್ಡ ಹೆಸರಿನವರೂ ಇದ್ದರು. ಬೋಧಕರ ಹಿನ್ನೆಲೆ ಪರಿಶೀಲನೆ ಆಗಿದೆಯೇ, ಪಾಠದ ಕೋಣೆಯ ಬಾಗಿಲಿಗೆ ಗಾಜು ಇದೆಯೇ, ಮುಟ್ಟುವ ಮೊದಲು ಕೇಳಬೇಕೆಂಬ ನಿಯಮವಿದೆಯೇ, ರಾತ್ರಿ ವಸತಿಯಲ್ಲಿ ಯಾರಿರುತ್ತಾರೆ ಎಂದು ಕೇಳಿ. ಒಳ್ಳೆಯ ಶಿಬಿರ ಈ ಪ್ರಶ್ನೆಗೆ ಅದೇ ದಿನ ಉತ್ತರ ಕಳಿಸುತ್ತದೆ. ಮುಖ ಸಿಂಡರಿಸಿದರೆ ಅಲ್ಲಿಗೆ ಬೇಡ.

ಇನ್ನು ಚಿಲ್ಲರೆ. ವಯೋಲದವರು ಹಲವು ಸಲ ಊದುವ ವಾದ್ಯಗಳ ಮುಂದೆಯೇ ಕೂರುತ್ತಾರೆ, ಹಿಂದೆ ಪಿಕ್ಕೊಲೊ, ಅದರ ಹಿಂದೆ ಟ್ರಂಪೆಟ್. ಸಂಗೀತಗಾರರಿಗೆಂದೇ ಸಿಗುವ, ಸದ್ದನ್ನು ಸಮನಾಗಿ ತಗ್ಗಿಸುವ ಕಿವಿಬಿರಡೆ ಕೊಡಿಸಿ. ಹತ್ತಿ ತುರುಕಿಕೊಂಡರೆ ಮೇಲಿನ ಸ್ವರಗಳೇ ಸತ್ತುಹೋಗುತ್ತವೆ. ಕಾರಿನಲ್ಲಿ ವಾದ್ಯ ಬಿಟ್ಟು ಊಟಕ್ಕೆ ಇಳಿಯಬೇಡಿ, ಬಿಸಿಗೆ ಅಂಟು ಬಿಡುತ್ತದೆ. ಒಂದು ಸೆಟ್ ಹೆಚ್ಚಿನ ತಂತಿ ಇರಲಿ. ಸಸ್ಯಾಹಾರ ಎಲ್ಲ ಕಡೆ ಸಿಗುತ್ತದೆ, ರುಚಿಯ ಬಗ್ಗೆ ನಾನು ಮಾತು ಕೊಡಲಾರೆ, ಚಟ್ನಿಪುಡಿ ಕಳಿಸಿ. ಪೆಟ್ಟಿಗೆಯಲ್ಲಿ ಎರಡು ಪೆನ್ಸಿಲ್ ಇರಲಿ, ಪೆನ್ನಲ್ಲ. ಒಂದು ಅವಳಿಗೆ. ಇನ್ನೊಂದು ಪಕ್ಕದ ಕುರ್ಚಿಯವರಿಗೆ, ಅವರು ಖಂಡಿತ ತಂದಿರುವುದಿಲ್ಲ.